ಗಣಕದ ಎಣಿಕೆ, ಕನ್ನಡದ ಅಕ್ಷರ

ಪ್ರಸ್ತಾರ ಹಾಕಿ ಗಣ ವಿಂಗಡಿಸಬಲ್ಲ ವಿದ್ಯಾರ್ಥಿಗಳನ್ನು ‘ಭೈರವಾನಿತಿಪ್ಪ’ ಎಂಬಲ್ಲಿ ಎಷ್ಟು ಅಕ್ಷರಗಳಿವೆಯೆಂದು ಕೇಳಿದರೆ, ಭೈ, ರ, ವಾ, ನಿ, ತಿ, ಪ್ಪ ಎಂದೆಣಿಸಿ 6 ಎನ್ನುವರು. ವಿಂಡೋಸ್ ಗಣಕಕ್ಕಾಗಿ ಬರೆದ ತಂತ್ರಾಂಶವು ಸಾಮಾನ್ಯವಾಗಿ 12 ಎನ್ನುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೆ, ಅದಕ್ಕಂಟುವ ಸ್ವರಚಿಹ್ನೆಗೆ, ಒತ್ತಕ್ಷರವನ್ನು ಬೆಸೆಯುವ ಹಲಂತ ಚಿಹ್ನೆಗೆ ಬೇರೆಬೇರೆ ಸಂಕೇತಗಳಿರುವುದೇ ಇದಕ್ಕೆ ಕಾರಣ. ‘ಪ್ಪ’ ಎಂಬ ಒಂದೇ ಅಕ್ಷರವು 3 ಸಂಕೇತಗಳ ಕೂಟ. ಮರಾಠಿ, ತೆಲುಗುಗಳ ಪಾಡೂ ಇದೇ.

ಇದನ್ನರಿಯದವನು ಊರಹೆಸರಿನ ಅಂಕಣಕ್ಕೆ 10 ಸಂಕೇತಗಳ ಮಿತಿಯಿಟ್ಟನೆನ್ನಿ. ಒತ್ತಕ್ಷರ ಉದುರಿ ‘ಭೈರವಾನಿತಿಪ’ ಉಳಿಯುತ್ತದೆ. 11 ಎಂದರೆ ‘ಭೈರವಾನಿತಿಪ್’. ಪಾಶ್ಚಾತ್ಯ ಸಂಕೇತಪಟ್ಟಿಯನ್ನೇ ನಂಬಿದ ಹಳೆಯ ತಂತ್ರಾಂಶದಲ್ಲಂತೂ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಅಂಕಪಟ್ಟಿಯ ಊರು ಪಡಿತರಚೀಟಿಯ ಊರಿಗೆ ಹೊಂದದಿದ್ದರೆ ಕಚೇರಿಗಳಿಗೆ ಅಲೆಯಬೇಕಾದವರು ಹೆಸರಿನ ಒಡೆಯರೇ.

ಪರಿಹಾರ ಸರಳ. ಹೆಸರನ್ನು ಯೂನಿಕೋಡಿನಲ್ಲಿಯೇ ಉಳಿಸಬೇಕು, ಮಿತಿಯನ್ನು ಧಾರಾಳವಾಗಿಡಬೇಕು, ಕತ್ತರಿಸಲೇಬೇಕಾದರೆ ಸ್ವರಚಿಹ್ನೆಯ ಮುನ್ನವಾಗಲಿ, ಹಲಂತದ ಹಿಂದುಮುಂದಾಗಲಿ ಕತ್ತರಿಸಬಾರದು. ಸಿದ್ಧ ಸಾಧನಗಳೂ ಕೆಲವೊಮ್ಮೆ ಹಲಂತದ ಬಳಿಕ ಒಡೆದು ಈ ಹೆಸರನ್ನು 7 ಎಂದೆಣಿಸುವುದುಂಟು. ಅಕ್ಷರವೆಂದರೇನೆಂಬುದನ್ನು ತಂತ್ರಜ್ಞನಿಗೆ ತಿಳಿಸಬೇಕಾದವರು ವ್ಯಾಕರಣ, ಛಂದಸ್ಸುಗಳನ್ನು ಓದಿದ ನೀವೇ.