ಮುಟ್ಟಿನ ಏರುಪೇರು ಮುಚ್ಚಿಡುವ ಮಾತಲ್ಲ

ಹುನಗುಂದ ಸೀಮೆಯ ತಾಯಿಯೊಬ್ಬಳು ಮಗಳೊಡನೆ ನಮ್ಮಲ್ಲಿಗೆ ಬಂದಿದ್ದಳು. ಇಪ್ಪತ್ತರ ಹರೆಯದ ಆ ಮಗಳಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟು. ಗದ್ದದ ಮೇಲೆ ಕೂದಲು. “ಅಜ್ಜಾರ, ಗಂಡಿನವರಿಗೆ ಗೊತ್ತಾಗೋದ್ರಾಗ ಒಂದು ತಾಯತಾ ಕಟ್ಟಿ ಕೊಡ್ರಿ” ಎಂದು ಆ ತಾಯಿ ಕಣ್ಣೀರಿಟ್ಟಳು. ನಾವು ತಾಯತ ಕಟ್ಟಲಿಲ್ಲ. ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿದೆವು. ನಾಲ್ಕು ವರ್ಷ ಮುಚ್ಚಿಟ್ಟ ಆ ವ್ಯಾಧಿಗೆ ಅಲ್ಲಿ ಒಂದು ಹೆಸರು ದೊರೆಯಿತು: ಪಿ.ಸಿ.ಓ.ಎಸ್.

1935ರಲ್ಲಿ ಚಿಕಾಗೋದ ವೈದ್ಯರಾದ ಸ್ಟೀನ್ ಮತ್ತು ಲೆವೆಂತಾಲ್ ಏಳು ಮಂದಿ ಸ್ತ್ರೀಯರಲ್ಲಿ ಈ ಲಕ್ಷಣಗಳನ್ನು ಗುರುತಿಸಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಯೋಗ್ಯ ವಯಸ್ಸಿನ ನೂರು ಸ್ತ್ರೀಯರಲ್ಲಿ 10ರಿಂದ 13 ಮಂದಿಗೆ ಇದು ಉಂಟು, ಅವರಲ್ಲಿ ಶೇ. 70ರಷ್ಟು ಮಂದಿಗೆ ತಮಗೆ ಈ ವ್ಯಾಧಿಯಿರುವುದೇ ತಿಳಿದಿಲ್ಲ.

ಸ್ತ್ರೀದೇಹದಲ್ಲಿ ಪುರುಷ ಹಾರ್ಮೋನೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ದೇಹವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದು ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ಆಗ ಅಂಡವು ಪಕ್ವವಾಗಿ ಹೊರಬರುವುದಿಲ್ಲ, ಮುಟ್ಟು ತಪ್ಪುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣುವ ಗುಳ್ಳೆಗಳು ಗಂಟುಗಳಲ್ಲ, ಬೆಳವಣಿಗೆ ನಿಂತ ಅಂಡಕೋಶಗಳು. ಮೊಡವೆ, ತಲೆಗೂದಲು ಉದುರುವಿಕೆ, ಕುತ್ತಿಗೆ ಕಪ್ಪಾಗುವಿಕೆ, ಮೈ ಭಾರವೇರುವಿಕೆ ಇದರ ಇತರ ಲಕ್ಷಣಗಳು. ತೆಳ್ಳಗಿನವರಿಗೂ ಇದು ಬರಬಹುದು.

ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ, ತಾಯಂದಿರು ಗಾಬರಿಯಾಗಬೇಕಿಲ್ಲ. ಮೂರು ವರ್ಷ ಕಳೆದ ಮೇಲೂ 35 ದಿನ ಮೀರುತ್ತಿದ್ದರೆ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಬಾರಿ ಆಗುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ದೋಷದಿಂದಲೂ ಹೀಗಾಗುವುದುಂಟು. ಆದ್ದರಿಂದ ರಕ್ತಪರೀಕ್ಷೆ ಅವಶ್ಯ. ಅಲಕ್ಷಿಸಿದರೆ ಮುಂದೆ ಸಕ್ಕರೆ ಕಾಯಿಲೆಯ ಭಯವುಂಟು. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರಿಗೆ ಕ್ಯಾನ್ಸರಿನ ಅಪಾಯವೂ ಉಂಟು.

ಇದನ್ನು ಬೇರುಸಹಿತ ಕೀಳುವ ಔಷಧವಿಲ್ಲ; ಆದರೆ ಹತೋಟಿಯಲ್ಲಿಡಲು ಸಾಧ್ಯ. ಭಾರ ಹೆಚ್ಚಿದ್ದವರು ಶೇ. 5ರಷ್ಟು ಇಳಿಸಿದರೂ ಅನೇಕರಲ್ಲಿ ಮುಟ್ಟು ಸುಧಾರಿಸುತ್ತದೆ. ನಮ್ಮ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ಉತ್ತಮ ಆಹಾರವೇ. ಬೇಕರಿ ತಿನಿಸು, ಸಕ್ಕರೆ ಮಿತವಾಗಲಿ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ದಿನವಿಡೀ ಕುಳಿತು ದುಡಿಯುವ ಸಹೋದರಿಯರು ನಿತ್ಯ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಮಾತ್ರೆಗಳನ್ನು ವೈದ್ಯರೇ ನಿರ್ಧರಿಸಬೇಕು. ಇದು ಬಂಜೆತನದ ಶಾಪವಲ್ಲ. ಚಿಕಿತ್ಸೆ ಪಡೆದು ತಾಯಂದಿರಾದವರು ಅಸಂಖ್ಯರು.

ಹನ್ನೆರಡನೆಯ ಶತಮಾನದ ಶರಣರು ರಜಸ್ಸೂತಕವನ್ನು ನಿರಾಕರಿಸಿದರು. ಮುಟ್ಟು ಮೈಲಿಗೆಯಲ್ಲವೆಂದು ಒಪ್ಪಿದ ಮನೆಗಳಲ್ಲಿಯೇ ಮಗಳು ಅದರ ತೊಂದರೆ ಹೇಳಲು ಅಂಜುವುದೆಂದರೆ ಅದು ನಮ್ಮ ಲೋಪವೇ ಸರಿ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಈ ಹುಸಿ ಲಜ್ಜೆಯನ್ನೂ ನಾವು ಅಂಥದೊಂದು ಜೋಳಿಗೆಗೆ ಹಾಕಿಬಿಡೋಣ. ಹೆಣ್ಣು ನೋಡಲು ಬರುವ ಬೀಗರೂ ಇದನ್ನು ಕುಂದೆಂದು ಎಣಿಸದಿರಲಿ. ಮಗಳ ಮುಟ್ಟಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದರಿಂದಲೇ ತಾಯಂದಿರು ಆರಂಭಿಸಲಿ.