ಹೊಲದ ಫೋಟೊ ವಿಕಿಪೀಡಿಯಕ್ಕೆ ಹಾಕುವ ಮುನ್ನ: ಹಕ್ಕು ಯಾರದ್ದು, ಲೈಸೆನ್ಸ್ ಯಾವುದು?

ಮೆಕ್ಕೆಜೋಳದ ಸುಳಿಯಲ್ಲಿ ಹುಳು ಕಂಡ್ರೆ ನಾವೆಲ್ಲ ಮೊದಲು ಮಾಡೋ ಕೆಲಸ ಏನು? ಮೊಬೈಲ್ ತೆಗೆದು ಹುಡುಕೋದು. ಅಲ್ಲಿ ಸಿಕ್ಕ ಚಿತ್ರ ತಪ್ಪಾಗಿದ್ರೆ ಸಿಂಪಡಣೆಯೂ ತಪ್ಪು, ದುಡ್ಡೂ ದಂಡ. ಫಾಲ್ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡದ್ದು ನಮ್ಮ ಕರ್ನಾಟಕದಲ್ಲಿ. ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರ, ಹಿಂಭಾಗದಲ್ಲಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಇದೇ ಅದರ ಗುರುತು. ಇದನ್ನು ಮಾತಲ್ಲಿ ಹೇಳೋದಕ್ಕಿಂತ ಒಂದು ಒಳ್ಳೆ ಫೋಟೊ ತೋರಿಸೋದು ಸುಲಭ.

ಹಾಗಂತಲೇ ನಾನು ವಿಕಿಪೀಡಿಯಕ್ಕೆ ಚಿತ್ರ ಸೇರಿಸೋಕೆ ಹೊರಟೆ. ಮೊದಲ ಚಿತ್ರವೇ ಅಳಿಸಿಹೋಯ್ತು!

ತಪ್ಪು ನನ್ನದೇ. ನಮ್ಮ ರೈತರ ವಾಟ್ಸಾಪ್ ಗುಂಪಿಗೆ ಬಂದಿದ್ದ ಸ್ಪಷ್ಟವಾದ ಫೋಟೊವನ್ನು 'ನನ್ನ ಸ್ವಂತ ಕೃತಿ' ಅಂತ ಟಿಕ್ ಮಾಡಿ ಹಾಕಿದ್ದೆ. 'ಎಲ್ಲರೂ ಹಂಚಿಕೊಂಡಿದ್ದಕ್ಕೆ ಯಾರ ಅಪ್ಪಣೆ ಬೇಕು?' ಅಂತ ಸಿಟ್ಟೂ ಬಂತು. ಆಮೇಲೆ ಯೋಚಿಸಿದೆ. ಬೇಲಿ ಇಲ್ಲ ಅಂತ ಪಕ್ಕದ ತೋಟದ ಕಾಯಿ ಕೊಯ್ಯೋಕಾಗುತ್ತಾ?

ಫೋಟೊ ಯಾರದ್ದು?

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೊ ತೆಗೆದವರೇ ಅದರ ಕರ್ತೃ. ನೋಂದಣಿ ಬೇಕಿಲ್ಲ, ಕ್ಲಿಕ್ ಮಾಡಿದಾಗಲೇ ಹಕ್ಕು ಹುಟ್ಟುತ್ತೆ. ತೆಗೆದವರ ಜೀವಮಾನವಿಡೀ ಮತ್ತು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಮೊಬೈಲ್ ಯಾರದ್ದು, ಹೊಲ ಯಾರದ್ದು ಅನ್ನೋದು ಲೆಕ್ಕಕ್ಕಿಲ್ಲ. ನನ್ನ ಫೋನಲ್ಲಿ ತಮ್ಮ ತೆಗೆದರೆ ಅದು ತಮ್ಮನ ಫೋಟೊ, ಅವನೇ ಹಾಕಬೇಕು.

ಇವನ್ನು ಹಾಕಲೇಬೇಡಿ:

- ಗೂಗಲ್‌ನಲ್ಲಿ ಸಿಕ್ಕದ್ದು, ವಾಟ್ಸಾಪ್ ಫಾರ್ವರ್ಡ್, ಯೂಟ್ಯೂಬ್ ಸ್ಕ್ರೀನ್‌ಶಾಟ್.
- ಬೀಜದ ಪ್ಯಾಕೆಟ್, ಔಷಧಿ ಲೇಬಲ್, ಕರಪತ್ರದ ಫೋಟೊ. ಕ್ಲಿಕ್ ಮಾಡಿದ್ದು ನೀವೇ ಆದರೂ ಒಳಗಿನ ಚಿತ್ರ ಬೇರೆಯವರದ್ದು.
- ಸರ್ಕಾರಿ ಜಾಲತಾಣದ ಚಿತ್ರ. ಮುಕ್ತ ಲೈಸೆನ್ಸ್ ಅಂತ ಅಲ್ಲೇ ಬರೆದಿದ್ದರೆ ಮಾತ್ರ ಸರಿ.

ಲೈಸೆನ್ಸ್ ಅಂದ್ರೆ ಏನು?

ಚಿತ್ರಗಳು ಹೋಗಿ ಸೇರೋದು ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರಕ್ಕೆ. ಅಲ್ಲಿಂದ ಎಲ್ಲಾ ಭಾಷೆಯ ವಿಕಿಪೀಡಿಯಗಳೂ ಬಳಸಿಕೊಳ್ಳುತ್ತವೆ. ಸಿಸಿ ಝೀರೊ ಒಂದನ್ನು ಬಿಟ್ಟರೆ, ಲೈಸೆನ್ಸ್ ಕೊಟ್ಟರೂ ಹಕ್ಕು ನಿಮ್ಮದೇ, ಬಳಸೋಕೆ ಅನುಮತಿ ಮಾತ್ರ ಕೊಡ್ತೀರಿ. ಸಾಮಾನ್ಯವಾಗಿ ಆಯ್ಕೆ ಮೂರು:

- ಸಿಸಿ ಬೈ: ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು.
- ಸಿಸಿ ಬೈ-ಎಸ್‌ಎ: ಹೆಸರೂ ಹಾಕಬೇಕು, ಚಿತ್ರ ಬದಲಿಸಿ ಹಂಚಿದರೆ ಅದೇ ಲೈಸೆನ್ಸನ್ನೂ ಕೊಡಬೇಕು. ನಾನು ಬಳಸೋದು ಇದನ್ನೇ.
- ಸಿಸಿ ಝೀರೊ: ಯಾವ ಷರತ್ತೂ ಇಲ್ಲ.

'ವ್ಯಾಪಾರಕ್ಕೆ ಬಳಸಬೇಡಿ', 'ಬದಲಾಯಿಸಬೇಡಿ', 'ವಿಕಿಪೀಡಿಯಕ್ಕೆ ಮಾತ್ರ' ಎಂಬ ಷರತ್ತುಗಳನ್ನು ಕಾಮನ್ಸ್ ಒಪ್ಪಲ್ಲ.

ಇದರ ಬಿಸಿ ನನಗೂ ತಟ್ಟಿದೆ

ಎರಡನೇ ಸಲ ನನ್ನದೇ ಹೊಲದ ಹುಳುವಿನ ಫೋಟೊ ಹಾಕಿದೆ, ಉಳಿಯಿತು. ಕೆಲ ತಿಂಗಳ ನಂತರ ಒಂದು ಕೀಟನಾಶಕದ ಕರಪತ್ರ ಕೈಗೆ ಬಂತು. ನೋಡಿದ್ರೆ ನನ್ನ ಫೋಟೊ! ಸಾವಯವ ಕೃಷಿ ಮಾಡೋನ ಹುಳು ವಿಷದ ಜಾಹೀರಾತಿನಲ್ಲಿ. ಹೊಟ್ಟೆ ಉರಿಯಿತು. ಆದರೆ 'ತೆಗೀರಿ' ಅನ್ನೋ ಹಕ್ಕು ನನಗಿರಲಿಲ್ಲ. ವ್ಯಾಪಾರಕ್ಕೂ ಬಳಸಬಹುದು ಅಂತ ಅನುಮತಿ ಕೊಟ್ಟವನು ನಾನೇ, ಕೊಟ್ಟದ್ದನ್ನು ವಾಪಸ್ ಪಡೆಯೋಕಾಗಲ್ಲ.

ಕೇಳೋ ಹಕ್ಕಿದ್ದದ್ದು ಎರಡು. ನನ್ನ ಹೆಸರು, ಲೈಸೆನ್ಸ್ ಹೆಸರು ಎರಡನ್ನೂ ಹಾಕಬೇಕು. ನಾನು ಆ ಔಷಧಿಯನ್ನು ಶಿಫಾರಸು ಮಾಡಿದ್ದೇನೆ ಅನ್ನೋ ಹಾಗೆ ತೋರಿಸಬಾರದು. ಷರತ್ತು ಮುರಿದರೆ ಅವರ ಅನುಮತಿ ರದ್ದಾಗುತ್ತೆ. 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿಕೊಂಡರೆ ಅನುಮತಿ ಮತ್ತೆ ಸಿಗುತ್ತೆ. ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಮುಂದಿನ ಮುದ್ರಣದಲ್ಲಿ ಹೆಸರು ಬಂತು.

ಹಾಗಾಗಿ ಮಾರಾಟ ಮಾಡಬೇಕು ಅಂದುಕೊಂಡಿರೋ ಫೋಟೊ, ಮನೆಯವರ ಫೋಟೊ ಇಲ್ಲಿಗೆ ಬೇಡ.

ಹಾಕುವ ಕ್ರಮ

1. ಗ್ಯಾಲರಿಯ ಮೂಲ ಫೋಟೊ ಆರಿಸಿ. ವಾಟ್ಸಾಪ್‌ನಲ್ಲಿ ಹೋಗಿಬಂದರೆ ಗಾತ್ರ ಕುಗ್ಗುತ್ತೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸುತ್ತೆ.
2. ಮನೆ, ತೋಟದ ಜಾಗ ಗೊತ್ತಾಗೋದು ಬೇಡ ಅಂದ್ರೆ ಕ್ಯಾಮೆರಾದ ಲೊಕೇಶನ್ ಮೊದಲೇ ಆಫ್ ಮಾಡಿ.
3. ಫೋಟೊದಲ್ಲಿ ಜನರಿದ್ದರೆ ಅವರನ್ನು ಕೇಳಿ.
4. ಕಡತದ ಹೆಸರಲ್ಲಿ ಬೆಳೆ, ಕೀಟ ಎರಡೂ ಇರಲಿ. ವಿವರಣೆಯಲ್ಲಿ ಬೆಳೆಯ ಹಂತ, ತಾಲ್ಲೂಕು, ದಿನಾಂಕವನ್ನು ಕನ್ನಡದಲ್ಲೇ ಬರೆಯಿರಿ.
5. ಬೇರೆಯವರು ತೆಗೆದ ಫೋಟೊ ಬೇಕೇ ಬೇಕಾದರೆ, ಲೈಸೆನ್ಸ್ ಹೆಸರು ಬರೆದು ಅವರೇ ಕಾಮನ್ಸ್‌ಗೆ ಇಮೇಲ್ ಕಳಿಸಲಿ. ಬಾಯಿಮಾತು ನಡೆಯಲ್ಲ.

ಕರಪತ್ರದಲ್ಲಿ ಫೋಟೊ ಕಂಡ ದಿನ ಎಲ್ಲಾ ಅಳಿಸಿಬಿಡೋಣ ಅನಿಸಿತ್ತು. ಆದರೆ ಅದೇ ಫೋಟೊ ನೋಡಿ ಯಾರೋ ಒಬ್ಬ ರೈತ ಹುಳುವನ್ನು ಮೊದಲ ವಾರದಲ್ಲೇ ಗುರುತಿಸಿದರೆ, ಕೈಯಲ್ಲೇ ಮೊಟ್ಟೆ ಹೊಸಕಿ ಬೆಳೆ ಉಳಿಸಿಕೊಳ್ಳಬಹುದು. ಅದಕ್ಕೇ ಈಗಲೂ ಹಾಕ್ತಾ ಇದ್ದೀನಿ. ನಾಳೆ ಹೊಲಕ್ಕೆ ಹೋದಾಗ ನಿಮ್ಮ ಕೈಯಾರೆ ಒಂದು ಫೋಟೊ ತೆಗೀರಿ.