ಒಡೆದ ಅಪೆಂಡಿಕ್ಸ್‌ಗೂ ಕಿರುರಂಧ್ರದ ಶಸ್ತ್ರಚಿಕಿತ್ಸೆ

ಹೊಟ್ಟೆಯ ಬಲ ಕೆಳಭಾಗದಲ್ಲಿ, ದೊಡ್ಡ ಕರುಳು ಆರಂಭವಾಗುವಲ್ಲಿ ಅಂಟಿಕೊಂಡಿರುವ ಅಪೆಂಡಿಕ್ಸ್ ಸಾಮಾನ್ಯವಾಗಿ 6ರಿಂದ 10 ಸೆಂಟಿಮೀಟರ್ ಉದ್ದದ, ತುದಿ ಮುಚ್ಚಿದ ಸಣ್ಣ ಕೊಳವೆ. ಗಟ್ಟಿಯಾದ ಮಲದ ಹರಳಿನಂಥದ್ದೇನಾದರೂ ಅದರ ಬಾಯಿ ಕಟ್ಟಿದಾಗ ಒಳಗೆ ಒತ್ತಡ ಏರಿ, ರಕ್ತಸಂಚಾರ ಕುಗ್ಗಿ, ಬ್ಯಾಕ್ಟೀರಿಯಾಗಳು ಹೆಚ್ಚಿ ಉರಿಯೂತ ಉಂಟಾಗುತ್ತದೆ, ಇದೇ ಅಪೆಂಡಿಸೈಟಿಸ್. ಕೊಳವೆ ಒಡೆದರೆ ಕೀವು ಹೊರಸೂಸಿ, ಉದರದ ಒಳಗೋಡೆಯನ್ನೂ ಕರುಳನ್ನೂ ಆವರಿಸಿರುವ ತೆಳುಪೊರೆಗೆ ಸೋಂಕು ಹರಡುತ್ತದೆ. ಪೆರಿಟೋನೈಟಿಸ್ ಎನ್ನಲಾಗುವ ಈ ಸ್ಥಿತಿ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಬೋಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ 1886ರಲ್ಲಿ ಈ ರೋಗಕ್ಕೆ ಹೆಸರಿಟ್ಟು, ಬೇಗ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವಾದಿಸಿದರು. ಜರ್ಮನಿಯ ಸ್ತ್ರೀರೋಗತಜ್ಞ ಕುರ್ಟ್ ಸೆಮ್ 1980ರ ದಶಕದ ಆರಂಭದಲ್ಲಿ ಹೊಟ್ಟೆ ಕೊಯ್ಯದೆ ಕಿರುರಂಧ್ರಗಳ ಮೂಲಕ, ಅಂದರೆ ಲ್ಯಾಪರೊಸ್ಕೋಪಿಯಿಂದ, ಅಪೆಂಡಿಕ್ಸ್ ತೆಗೆದಾಗ ಸಮಕಾಲೀನ ಶಸ್ತ್ರಚಿಕಿತ್ಸಕರಿಂದ ಕಟುವಾದ ವಿರೋಧ ಎದುರಿಸಬೇಕಾಯಿತು. ಕೊಳವೆ ಒಡೆದಿದ್ದರಂತೂ ಈ ವಿಧಾನ ಸಲ್ಲದೆಂಬ ಅಭಿಪ್ರಾಯ ಬಹುಕಾಲ ಉಳಿದಿತ್ತು. ಅನುಭವ ಬೆಳೆದಂತೆ ಅದು ಬದಲಾಗಿದೆ.

ರೋಗಿಗೆ ಪೂರ್ಣ ಅರಿವಳಿಕೆ ನೀಡಿ, ಹೊಕ್ಕುಳ ಬಳಿಯ ಸಣ್ಣ ರಂಧ್ರದ ಮೂಲಕ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಲಾಗುತ್ತದೆ. ಕ್ಯಾಮೆರಾ ಒಳಹೋದ ಮೇಲೆ, ಇನ್ನೆರಡು ರಂಧ್ರಗಳಿಂದ ತೂರಿಸಿದ ಉಪಕರಣಗಳ ನೆರವಿನಿಂದ, ಅಂಟಿಕೊಂಡ ಕರುಳನ್ನು ನಾಜೂಕಾಗಿ ಬಿಡಿಸಿ, ಅಪೆಂಡಿಕ್ಸಿನ ರಕ್ತನಾಳವನ್ನು ಮುಚ್ಚಿ, ಬುಡಕ್ಕೆ ಕುಣಿಕೆ ಬಿಗಿದು ಕತ್ತರಿಸಲಾಗುತ್ತದೆ. ಗಾಯದ ಅಂಚಿಗೆ ಕೀವು ತಾಗದಂತೆ ಅಪೆಂಡಿಕ್ಸನ್ನು ಚೀಲದೊಳಗೆ ಹಾಕಿ ಹೊರತೆಗೆಯುತ್ತಾರೆ. ಕ್ಯಾಮೆರಾ ಯಕೃತ್ತಿನ ಕೆಳಗಿನಿಂದ ಕಟಿಕುಹರದವರೆಗೂ ತಿರುಗಬಲ್ಲದಾದ್ದರಿಂದ, ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯ ಚಿಕ್ಕ ಕೊಯ್ತದಿಂದ ಕಾಣದ ಮೂಲೆಗಳಲ್ಲಿ ನಿಂತ ಕೀವನ್ನೂ ಹೀರಿ ತೆಗೆಯಬಹುದು.

ಗಾಯದ ಸೋಂಕು ಮತ್ತು ನೋವು ಕಡಿಮೆಯಾಗುವುದು, ರೋಗಿ ಬೇಗ ಕೆಲಸಕ್ಕೆ ಮರಳುವುದು ಇದರ ಲಾಭಗಳು; ದಿನಗೂಲಿಯ ಕುಟುಂಬಕ್ಕೆ ಕೊನೆಯದು ಸಣ್ಣ ಮಾತಲ್ಲ. ಆದರೆ ಉದರದೊಳಗೆ ಮತ್ತೆ ಕೀವುಗಟ್ಟುವ ಅಪಾಯ ಪೂರ್ತಿ ತಪ್ಪುವುದಿಲ್ಲ. ಅಂಗಾಂಶಗಳು ಬಿಡಿಸಲಾಗದಷ್ಟು ಅಂಟಿದ್ದರೆ ವೈದ್ಯರು ಹೊಟ್ಟೆ ತೆರೆಯುವ ನಿರ್ಧಾರಕ್ಕೆ ಬರುವುದು ಸೋಲಲ್ಲ, ವಿವೇಕ.

ವರದಾ ನದಿಯ ಸಮೀಪದ, ಹಾವೇರಿ ತಾಲ್ಲೂಕಿನ ಕರ್ಜಗಿಯಂಥ ಊರಿನವರಿಗೆ ಅರಿವಳಿಕೆ ತಜ್ಞರಿರುವ ಶಸ್ತ್ರಚಿಕಿತ್ಸಾ ಕೊಠಡಿ ಬೇಕೆಂದರೆ ಹಾವೇರಿಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. ಆದ್ದರಿಂದ ಕೊಳವೆ ಒಡೆಯುವ ಮುನ್ನವೇ ಹೊರಡುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಹೊಕ್ಕುಳ ಸುತ್ತ ಆರಂಭವಾಗಿ ಬಲ ಕೆಳಭಾಗಕ್ಕೆ ಸರಿಯುವ ನೋವು, ಜೊತೆಗೆ ವಾಂತಿ, ಜ್ವರ ಕಂಡರೆ ಅದನ್ನು ಗ್ಯಾಸ್ ಎಂದು ಕಡೆಗಣಿಸಬಾರದು. ಹೊಟ್ಟೆ ತೊಳೆಯಲೆಂದು ಔಡಲೆಣ್ಣೆ ಕುಡಿಸುವುದಂತೂ ಕೂಡದು. ತೀವ್ರ ನೋವು ಥಟ್ಟನೆ ಇಳಿದರೆ ಗುಣವಾಯಿತೆಂದು ಮನೆಯವರು ನಿಟ್ಟುಸಿರುಬಿಡುವುದುಂಟು. ಅಪೆಂಡಿಕ್ಸ್ ಒಡೆದು ಒತ್ತಡ ಇಳಿದ ಗಳಿಗೆಯೂ ಅದೇ ಆಗಿರಬಹುದು. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್, ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳ ಪ್ರಯೋಜನ ಸಿಗುವುದು ರೋಗಿ ಸಮಯಕ್ಕೆ ಮನೆಯಿಂದ ಹೊರಟಾಗ ಮಾತ್ರ.